ಪಕ್ಕದ ಮನೆಗೆ ಕೊಟ್ಟ ಅರ್ಧ ಮಾತ್ರೆ

ವರ್ಷಗಟ್ಟಲೆ ನಿದ್ದೆ ಮಾತ್ರೆ ನುಂಗುತ್ತಾ, ಅಕ್ಕಪಕ್ಕದವರಿಗೂ ಹಂಚುವ ಪ್ರಕರಣ ನನ್ನ ಹತ್ತಿರ ಪದೇಪದೇ ಬರುತ್ತದೆ. ಒಬ್ಬರದ್ದನ್ನು ಬರೆದರೆ ನಾಲ್ಕು ಮನೆಗೆ ಉಪಯೋಗವಾದೀತು ಅಂತ ಬರೆಯುತ್ತಿದ್ದೇನೆ. ಹೆಸರು, ಊರು, ಮನೆಯ ವಿವರ ಬದಲಿಸಿದ್ದೇನೆ.

ಗೌರಮ್ಮ ಅಂದುಕೊಳ್ಳಿ. ಅರವತ್ತರ ಆಸುಪಾಸು. ಗಂಡ ತೀರಿಕೊಂಡ ಹೊಸತರಲ್ಲಿ ನಿದ್ದೆ ಹತ್ತದೆ ಒದ್ದಾಡುತ್ತಿದ್ದಾಗ ಡಾಕ್ಟರು ಆಲ್ಪ್ರಜೋಲಾಮ್ ಅನ್ನುವ ನಿದ್ದೆ ಮಾತ್ರೆ, 0.25 ಮಿಲಿಗ್ರಾಂನದ್ದು, ಬರೆದುಕೊಟ್ಟಿದ್ದರು. ರಾತ್ರಿ ಒಂದು, ಹತ್ತು ದಿನಕ್ಕೆ. ಆ ಹತ್ತು ದಿನ ವರ್ಷಗಟ್ಟಲೆ ನಡೆಯಿತು. ಒಂದು ಮಾತ್ರೆ ಎರಡಾಯಿತು, ಕೆಲವು ರಾತ್ರಿ ಮೂರಾಯಿತು. ಈಚೆಗೆ ಮರೆವು ಜಾಸ್ತಿ. ಬಚ್ಚಲುಮನೆಯಲ್ಲಿ ಬಿದ್ದು ಕೈ ಉಳುಕಿಸಿಕೊಂಡಿದ್ದರು. ಮರೆವಿನ ಕಾಯಿಲೆ ಶುರುವಾಗಿರಬೇಕು ಅಂತ ಮಗ, ಸೊಸೆ ಕರೆತಂದರು. ಏನೇನು ಔಷಧಿ ತಗೋತೀರಿ ಅಂತ ಕೇಳಿದರೆ ಬಿಪಿ, ಶುಗರ್ ಅಂದರು. ನಿದ್ದೆ ಮಾತ್ರೆ ಅವರ ಲೆಕ್ಕದಲ್ಲಿ ಔಷಧಿಯೇ ಅಲ್ಲ. ಎಷ್ಟೋ ಜನ ಹೀಗೇ ಹೇಳುತ್ತಾರೆ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ಮುಂದಿನ ಸಲ ಮನೆಯಲ್ಲಿರೋ ಮಾತ್ರೆಯೆಲ್ಲ ತನ್ನಿ ಅಂತ.

ಒಂದು ಸ್ಟೀಲ್ ಡಬ್ಬಿ ತಂದರು. ಯಾವತ್ತೋ ಅರ್ಧಕ್ಕೆ ಬಿಟ್ಟ ಆಂಟಿಬಯೋಟಿಕ್, ನೋವಿನ ಮಾತ್ರೆ, ಅಂಟಂಟಾದ ಕೆಮ್ಮಿನ ಔಷಧಿ. ಅದರ ಕೆಳಗೆ ಕತ್ತರಿಯಲ್ಲಿ ಕತ್ತರಿಸಿದ ಸ್ಟ್ರಿಪ್ಪಿನ ಚೂರುಗಳು. ಒಂದೊಂದರಲ್ಲಿ ಒಂದೋ ಎರಡೋ ಮಾತ್ರೆ. ಹೆಸರು, ತಾರೀಕು ಯಾವ ಚೂರಿನ ಜೊತೆ ಹೋಯಿತೋ ದೇವರೇ ಬಲ್ಲ. ತಳದಲ್ಲಿ ಆ ಹಳೇ ಚೀಟಿ, ಲ್ಯಾಮಿನೇಷನ್ ಮಾಡಿಸಿದ್ದು! "ಹರಿದುಹೋಗ್ತಿತ್ತು ಮೇಡಂ, ಅದಕ್ಕೇ ಮಾಡಿಸಿದೆ. ತೋರಿಸಿದ್ರೆ ಅಂಗಡಿಯವ್ರು ಕೊಡ್ತಾರೆ."

"ಇಷ್ಟೊಂದು ಚೂರು ಯಾಕಮ್ಮಾ?"

"ಭಜನೆಗೆ ಬರೋರಲ್ಲಿ ಮೂರು ಜನಕ್ಕೆ ನಿದ್ದೆನೇ ಇಲ್ಲ. ಅರ್ಧ, ಒಂದು ಕೊಡ್ತಿರ್ತೀನಿ. ದುಡ್ಡೇನೂ ಇಸ್ಕೊಳಲ್ಲ."

ಮಗನಿಗೆ ಸಿಟ್ಟು ನೆತ್ತಿಗೇರಿತು. ಇವತ್ತೇ ಎಲ್ಲಾನೂ ಮೋರಿಗೆ ಎಸೀತೀನಿ ಅಂತ ಡಬ್ಬಿಗೆ ಕೈಹಾಕಿದರು. ಗೌರಮ್ಮನೂ ಸುಮ್ಮನಿರಲಿಲ್ಲ. "ನಾನೇನು ಹೆಂಡ ಕುಡಿದ್ನಾ? ಡಾಕ್ಟ್ರು ಬರ್ದಿದ್ದು ನುಂಗಿದೆ. ಅಕ್ಕಪಕ್ಕದೋರಿಗೆ ಕಾಫಿಪುಡಿ ಕೊಟ್ಟಂಗೆ ಕೊಟ್ಟೆ. ತಪ್ಪೇನು?"

ಅಮ್ಮನ ಮಾತಿಗಿಂತ ಮಗನ ಕೈ ನೋಡಿ ನನಗೆ ಭಯವಾಯಿತು. ವರ್ಷಗಟ್ಟಲೆ ತಗೊಂಡ ಈ ಮಾತ್ರೆಯನ್ನು ಒಂದೇ ಸಲ ನಿಲ್ಲಿಸಿದರೆ ನಿದ್ದೆಗೆಡುವುದಷ್ಟೇ ಅಲ್ಲ, ಕೈಕಾಲು ನಡುಗುತ್ತದೆ, ಗೊಂದಲವಾಗುತ್ತದೆ, ಫಿಟ್ಸ್ ಕೂಡ ಬರಬಹುದು. ಮನೋವೈದ್ಯರನ್ನು ನೋಡುವ ತನಕ ಈ ಡಬ್ಬಿಯನ್ನು ಯಾರೂ ಎಸೆಯಬಾರದು ಅಂದೆ. ಅದೇ ನನ್ನ ಮೊದಲ ಸಲಹೆ.

ಆಮೇಲೆ ಗೌರಮ್ಮನನ್ನು ಕೇಳಿದೆ, "ಆ ಮೂರು ಜನ ಬೇರೆ ಯಾವ್ಯಾವ ಮಾತ್ರೆ ತಗೋತಾರೆ ಗೊತ್ತಾ?"

ಸ್ವಲ್ಪ ಹೊತ್ತು ಯೋಚಿಸಿದರು. "ಒಬ್ಬಳಿಗೆ ಮಂಡಿನೋವು, ಏನೋ ಸ್ಟ್ರಾಂಗ್ ಮಾತ್ರೆ ತಗೋತಾಳೆ. ಇನ್ನೊಬ್ಬಳಿಗೆ ಉಬ್ಬಸ."

ಆ ಸ್ಟ್ರಾಂಗ್ ಮಾತ್ರೆ ಟ್ರಮಡಾಲ್ ಅನ್ನುವ ನೋವಿನ ಮಾತ್ರೆಯ ಥರದ್ದಾಗಿದ್ದರೆ ಅದರ ಜೊತೆ ನಿದ್ದೆ ಮಾತ್ರೆ ಸೇರಿ ಉಸಿರಾಟವೇ ನಿಧಾನವಾಗಬಹುದು, ಉಸಿರಾಟದ ತೊಂದರೆ ಇರುವವರಿಗೂ ಈ ಮಾತ್ರೆ ಅಪಾಯ ಅಂತ ಬಿಡಿಸಿ ಹೇಳಿದೆ. ಗೌರಮ್ಮ ಸೆರಗಿನ ತುದಿ ಹಿಡಿದುಕೊಂಡು ಕೂತರು. ಆಮೇಲೆ ಕೇಳಿದರು, "ಹಂಗಾದ್ರೆ ಅವಳು ಬೆಳಿಗ್ಗೆ ಏಳದೇ ಹೋಗಿದ್ರೆ?"

ಸಮಾಧಾನ ಮಾಡಬಹುದಿತ್ತು. ಮಾಡಲಿಲ್ಲ. "ಅದಕ್ಕೇ ಕೇಳಿದ್ದು ಅಮ್ಮಾ," ಅಂದೆ. ತನ್ನ ಮೈಮೇಲಿನ ಹೆದರಿಕೆಗೆ ಬಗ್ಗದ ಹೆಂಗಸು ಗೆಳತಿಯ ಹೆಸರಿಗೆ ಬಗ್ಗಿದರು. ಮಾತ್ರೆ ಕಡಿಮೆ ಮಾಡೋಣ ಅಂತ ಅವರೇ ಅಂದಿದ್ದು ಆಗ.

ಸರಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರಲ್ಲ, ಅಲ್ಲಿಗೆ ಕಳಿಸಿದೆ. ಅವರು ಸ್ವಲ್ಪಸ್ವಲ್ಪವಾಗಿ ಇಳಿಸುವ ಪಟ್ಟಿ ಬರೆದುಕೊಟ್ಟರು. ನಿದ್ದೆಯ ಲೆಕ್ಕ ನಾನು ನೋಡಿಕೊಂಡೆ. ಮಧ್ಯಾಹ್ನ ಎರಡು ಗಂಟೆ ಮಲಗಿ, ರಾತ್ರಿ ಎಂಟಕ್ಕೇ ಮತ್ತೆ ಮಲಗಿ, ಮೂರಕ್ಕೆ ಎಚ್ಚರವಾಗುತ್ತೆ ಅಂತ ಕೊರಗುತ್ತಿದ್ದರು. ಏಳು ಗಂಟೆ ಆಯ್ತಲ್ಲಮ್ಮಾ! ಮಧ್ಯಾಹ್ನದ್ದು ಬಿಡಿಸಿ, ರಾತ್ರಿದು ಹತ್ತರ ನಂತರಕ್ಕೆ ತಳ್ಳಿದೆವು.

ಎಲ್ಲರೂ ತಕರಾರು ಎತ್ತಿದ್ದು ಇನ್ನೊಂದು ಸಲಹೆಗೆ. ಆ ಮೂವರಿಗೆ ಗೌರಮ್ಮನೇ ಹೋಗಿ ಹೇಳಬೇಕು ಅಂದಿದ್ದೆ: ಇನ್ನು ಕೊಡಲ್ಲ, ಯಾಕೆ ಕೊಡಲ್ಲ, ದಿನಾ ತಗೊಳ್ಳೋ ಅಭ್ಯಾಸ ಆಗಿದ್ದರೆ ತಟ್ಟನೆ ಬಿಡಬೇಡಿ, ಡಾಕ್ಟರ ಹತ್ತಿರ ಹೋಗಿ. ಅಮ್ಮನ ಮರ್ಯಾದೆ ಹೋಗುತ್ತೆ ಅಂದರು ಮಗ. ವಯಸ್ಸಾದವರಿಗೆ ಇದು ಜಾಸ್ತಿಯಾಯಿತು ಅಂದರು ಒಬ್ಬ ಸಹೋದ್ಯೋಗಿ. ನಾನು ಈಗಲೂ ಒಪ್ಪುವುದಿಲ್ಲ. ನಾನು ಹೋಗಿ ಹೇಳಿದರೆ ಆ ಹೆಂಗಸರು ಬಚ್ಚಿಟ್ಟುಕೊಂಡು ನುಂಗುತ್ತಾರೆ. ಮಗ ಹೇಳಿದರೆ ಜಗಳ. ಮಾತ್ರೆ ಯಾರ ಮೇಲಿನ ನಂಬಿಕೆಯಿಂದ ಆ ಮನೆಗಳಿಗೆ ಹೋಯಿತೋ, ಎಚ್ಚರಿಕೆಯೂ ಅವರ ಬಾಯಿಂದಲೇ ಹೋದರೆ ನಾಟುತ್ತದೆ.

ಅಂಗಡಿಯವರ ಮೇಲೆ ದೂರು ಯಾಕೆ ಕೊಡಿಸಲಿಲ್ಲ ಅಂತ ಕೆಲವರು ಕೇಳಿದರು. ಆಲ್ಪ್ರಜೋಲಾಮ್ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿದೆ, ಅಂದರೆ ಮಾರಾಟದ ಮೇಲೆ ಬಿಗಿ ನಿಗಾ ಇರುವ ಔಷಧಿಗಳ ಸರಕಾರಿ ಪಟ್ಟಿ. 2014ರಿಂದ ಈ ನಿಯಮ ಜಾರಿಯಲ್ಲಿದೆ. ಡಾಕ್ಟರ ಚೀಟಿ ಬೇಕೇ ಬೇಕು. ಬರೆದ ಡಾಕ್ಟರು ಯಾರು, ರೋಗಿ ಯಾರು, ಎಷ್ಟು ಕೊಟ್ಟದ್ದು ಅಂತ ಬೇರೆ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಟ್ಟಿರಬೇಕು. ಪ್ಲಾಸ್ಟಿಕ್ ಹೊದ್ದ ಚೀಟಿಗೆ ವರ್ಷಾನುಗಟ್ಟಲೆ ಮಾತ್ರೆ ಕೊಟ್ಟದ್ದು ತಪ್ಪೇ. ಮೊದಲು ನೀವೇ ಹೋಗಿ ಮಾತಾಡಿ, ಮತ್ತೂ ಕೊಟ್ಟರೆ ಔಷಧ ನಿಯಂತ್ರಣ ಇಲಾಖೆಗೆ ಬರೆಯಿರಿ ಅಂತ ಮಗನಿಗೆ ಹೇಳಿದೆ. ಆದರೆ ಚೀಟಿ ಇಲ್ಲದೆ ಕೊಡಲ್ಲ ಅಂದ ಅಂಗಡಿಯವನನ್ನು ಬೈದು ಮುಂದಿನ ಅಂಗಡಿಗೆ ಹೋಗುವವರು ನಾವೇ ಅಲ್ವಾ? "ಗುರುತಿನವರು ಕಣ್ರೀ, ಕೊಡಿ" ಅನ್ನುವುದೂ ನಾವೇ.

ಗೌರಮ್ಮ ಈಗ ರಾತ್ರಿ ಅರ್ಧ ಮಾತ್ರೆಗೆ ಇಳಿದಿದ್ದಾರೆ. ಮಾತ್ರೆ ಇಳಿದ ಹಾಗೆ ಮರೆವೂ ಎಷ್ಟೋ ಕಡಿಮೆ. ಡಬ್ಬಿಯಲ್ಲಿದ್ದ ಬೇಡದ ಔಷಧಿಗಳನ್ನು ಸೊಸೆ ಬೇರೆ ಕವರಿನಲ್ಲಿ ಕಟ್ಟಿ, ಅಪಾಯಕಾರಿ ಕಸ ಅಂತ ಹೇಳಿ ಕಸದ ಗಾಡಿಗೆ ಕೊಟ್ಟರಂತೆ. ಮೂವರಲ್ಲಿ ಇಬ್ಬರು ಡಾಕ್ಟರನ್ನು ನೋಡಿದ್ದಾರೆ. ಮಂಡಿನೋವಿನಾಕೆ ಮಾತು ಬಿಟ್ಟಿದ್ದಾರೆ, ಮಾತ್ರೆಯನ್ನು ಬೇರೆ ಕಡೆಯಿಂದ ತರಿಸಿಕೊಳ್ಳುತ್ತಾರಂತೆ. ಅವರ ಮಗಳಿಗೆ ಕೊಡಿ ಅಂತ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ ನಂಬರು 14416 ಬರೆದುಕೊಟ್ಟಿದ್ದೇನೆ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.