ಓದುಗರ ಪ್ರಶ್ನೆ: ತಂಪು ಪ್ರದೇಶದ ಕಿರು ಹಂಗಾಮಿಗೆ ಅಲ್ಪಾವಧಿ ತರಕಾರಿಗಳು

ಪ್ರಶ್ನೆ: ನಾವಿರುವ ತಂಪು ಪ್ರದೇಶದಲ್ಲಿ ಹೆಪ್ಪುಗಟ್ಟುವ ಚಳಿಯಿಲ್ಲದ ದಿನಗಳು ವರ್ಷಕ್ಕೆ ಸುಮಾರು 90 ಮಾತ್ರ. ಪೊಟ್ಟಣದ ಮೇಲೆ 60 ದಿನ ಎಂದು ನಮೂದಿಸಿದ್ದ ಟೊಮೆಟೊ ಬೀಜವನ್ನು ನೇರವಾಗಿ ಪಾತಿಯಲ್ಲಿ ಬಿತ್ತಿದೆವು. ಕಾಯಿ ಹಣ್ಣಾಗುವ ಮೊದಲೇ ಚಳಿ ಬಂದು ಗಿಡ ಕರಗಿಹೋಯಿತು. ತಳಿಯ ಆಯ್ಕೆಯಲ್ಲಿ ಎಡವಿದೆವೇ?

ಉತ್ತರ: ಅದಕ್ಕಾಗಿ ತಳಿಯನ್ನು ದೂರಬೇಕಾಗಿಲ್ಲ. ಟೊಮೆಟೊ, ಮೆಣಸಿನಕಾಯಿಗಳ ಪೊಟ್ಟಣದಲ್ಲಿ ಕೊಡುವ ದಿನಗಳನ್ನು ಸಾಮಾನ್ಯವಾಗಿ ಸಸಿ ನೆಟ್ಟ ದಿನದಿಂದ ಎಣಿಸಿರುತ್ತಾರೆ. ಬೀಜ ಬಿತ್ತಿದ ದಿನದಿಂದಲ್ಲ. ಸಸಿ ಬೆಳೆಸಲು ಬೇಕಾಗುವ ಆರರಿಂದ ಎಂಟು ವಾರಗಳನ್ನು ಸೇರಿಸಿದರೆ ನಿಮ್ಮ 60 ದಿನ ನೂರನ್ನು ದಾಟುತ್ತದೆ. ಮೂಲಂಗಿ, ಬಟಾಣಿಯಂತಹ ನೇರ ಬಿತ್ತನೆಯ ಬೆಳೆಗಳಲ್ಲಿ ಮಾತ್ರ ಎಣಿಕೆ ಬಿತ್ತನೆಯಿಂದ ಅಥವಾ ಮೊಳಕೆಯಿಂದ ಆರಂಭವಾಗುತ್ತದೆ.

ಇನ್ನೂ ಮುಖ್ಯವಾದ ಸಂಗತಿಯೆಂದರೆ, ಗಿಡ ಬೆಳೆಯುವುದು ತನಗೆ ದೊರೆತ ಶಾಖದ ಮೊತ್ತದಿಂದ. ಟೊಮೆಟೊಗೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬೆಳವಣಿಗೆ ಬಹುತೇಕ ನಿಂತುಬಿಡುವುದರಿಂದ, ಬೆಚ್ಚನೆಯ ಹವೆಯಲ್ಲಿ ಅಳೆದ 60 ದಿನ ತಂಪು ಹವೆಯಲ್ಲಿ ಒಂದೆರಡು ವಾರ ಹಿಗ್ಗುವುದು ಸಹಜ. ಮೇಲಾಗಿ, ರಾತ್ರಿಯ ಉಷ್ಣತೆ ಸುಮಾರು 13 ಡಿಗ್ರಿಗಿಂತ ಇಳಿದಾಗ ಪರಾಗದ ಶಕ್ತಿ ಕುಂದಿ ಹೂವು ಕಾಯಿಕಟ್ಟದೆ ಉದುರುತ್ತದೆ. ಆದ್ದರಿಂದ ತಳಿಯನ್ನು ಆರಿಸುವಾಗ ದಿನಗಳ ಸಂಖ್ಯೆಗಿಂತ ತಂಪಿನಲ್ಲಿ ಕಾಯಿಕಟ್ಟುವ ಗುಣಕ್ಕೆ ಹೆಚ್ಚು ಬೆಲೆ ಕೊಡಬೇಕೆಂಬುದು ನಮ್ಮ ದೃಢ ಅಭಿಪ್ರಾಯ. ಚೆಕ್ ನಾಡಿನ ‘ಸ್ಟುಪಿಸೆ’ ಈ ಗುಣಕ್ಕೆ ಹೆಸರಾದ ತಳಿ. ಅಮೆರಿಕದ ಆರೆಗಾನ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ‘ಆರೆಗಾನ್ ಸ್ಪ್ರಿಂಗ್’, ‘ಸಿಲೆಟ್ಜ್’, ‘ಲೆಜೆಂಡ್’ ತಳಿಗಳು ಪರಾಗಸ್ಪರ್ಶವಿಲ್ಲದೆಯೂ ಕಾಯಿಕಟ್ಟಬಲ್ಲವು. ಅಂತಹ ಹಣ್ಣುಗಳಲ್ಲಿ ಬೀಜ ಕಡಿಮೆ.

ಮುಂದಿನ ಹಂಗಾಮಿಗೆ ಸಸಿಗಳನ್ನು ಮನೆಯೊಳಗೆ ಬೆಳೆಸಿ, ಒಂದು ವಾರದಿಂದ ಹತ್ತು ದಿನಗಳವರೆಗೆ ದಿನವೂ ಸ್ವಲ್ಪ ಹೆಚ್ಚು ಹೊತ್ತು ಹೊರಗಿಟ್ಟು ಹವೆಗೆ ಒಗ್ಗಿಸಿ, ಅನಂತರ ನಾಟಿ ಮಾಡಿ. ನಾಟಿಗೆ ಮೊದಲೇ ಪಾತಿಗೆ ಕಪ್ಪು ಪ್ಲಾಸ್ಟಿಕ್ ಹೊದಿಸಿದರೆ ಮಣ್ಣು ಬೇಗ ಕಾಯುತ್ತದೆ. ತಣ್ಣನೆಯ ಮಣ್ಣಿನಲ್ಲಿ ಬೇರು ರಂಜಕವನ್ನು ಸರಿಯಾಗಿ ಹೀರಲಾರದೆ ಎಲೆಗಳು ನೇರಳೆ ಬಣ್ಣಕ್ಕೆ ತಿರುಗುವುದುಂಟು. ಅದನ್ನು ಕಂಡು ಸಾರಜನಕ ಗೊಬ್ಬರ ಸುರಿಯಬೇಡಿ, ಎಲೆ ಹುಲುಸಾಗಿ ಫಲ ಇನ್ನಷ್ಟು ತಡವಾಗುತ್ತದೆ. ಚಳಿಗೆ ಒಂದು ತಿಂಗಳಿರುವಾಗ ಕುಡಿಯನ್ನೂ ಹೊಸ ಹೂಗಳನ್ನೂ ಚಿವುಟಿದರೆ ಗಿಡದ ಶಕ್ತಿ ಇರುವ ಕಾಯಿಗಳಿಗೆ ಸಲ್ಲುತ್ತದೆ. ಪೂರ್ಣ ಬಲಿತ ಹಸಿರು ಕಾಯಿಗಳನ್ನು ಚಳಿಗೆ ಮುನ್ನ ಕಿತ್ತು 18ರಿಂದ 21 ಡಿಗ್ರಿಯ ಕೋಣೆಯಲ್ಲಿಟ್ಟರೆ ಹಣ್ಣಾಗುತ್ತವೆ.

ಪ್ರಶ್ನೆ: ಹವೆ ತಂಪಾಗಿದ್ದರೂ ನಮ್ಮ ಪಾಲಕ್ ಬೇಸಿಗೆಯ ನಡುವೆ ಹೂಬಿಡುತ್ತದೆ. ಏಕೆ?

ಉತ್ತರ: ಇಲ್ಲಿ ಕಾರಣ ಹಗಲಿನ ಉದ್ದ. ಧ್ರುವಗಳತ್ತ ಸಾಗಿದಂತೆ ಬೇಸಿಗೆಯ ಹಗಲು ಬಹಳ ದೀರ್ಘವಾಗಿರುತ್ತದೆ. ಅದು ಸುಮಾರು 14 ಗಂಟೆ ಮೀರಿದಾಗ ನೀವು ಬೆಳೆಯುವ ಸ್ಪಿನಾಚ್ ಜಾತಿಯ ಪಾಲಕ್ ತಂಪಿದ್ದರೂ ಹೂಕಾಂಡ ಎತ್ತುತ್ತದೆ. ಮಣ್ಣು ಕೆದಕಲು ಬಂದೊಡನೆ ಒಮ್ಮೆ, ಹಗಲು ಕಿರಿದಾಗತೊಡಗಿದ ಮೇಲೆ ಇನ್ನೊಮ್ಮೆ ಬಿತ್ತಿರಿ. ನಡುವಿನ ಅವಧಿಗೆ ತಡವಾಗಿ ಹೂಬಿಡುವ ತಳಿಯನ್ನೇ ಕೇಳಿ ಪಡೆಯಿರಿ.