ಕ್ಯಾಸೆಟ್ ಕೊಡುವ ಮುನ್ನ

ಪೊನ್ನಂಪೇಟೆ ಕಡೆಯ ಓದುಗರೊಬ್ಬರ ಪತ್ರದ ಸಾರ ಇದು: ಅವರ ಬಳಿ 1988ರಿಂದ 1996ರವರೆಗೆ ಧ್ವನಿಮುದ್ರಿಸಿದ, ತಲಾ ಒಂದು ಗಂಟೆಯ 32 ಕ್ಯಾಸೆಟ್‌ಗಳಿವೆ. 25ರಲ್ಲಿ ದುಡಿ ಎಂಬ ಪುಟ್ಟ ಚರ್ಮವಾದ್ಯ ಬಾರಿಸುತ್ತ ಹಾಡುವ ಬಾಳೊಪಾಟ್, ಸುಗ್ಗಿಹಬ್ಬದ ಪುತ್ತರಿ ಪಾಟ್, ಮದುವೆಮನೆಯ ಹಾಡುಗಳು, ಎಲ್ಲವೂ ಕೊಡವ ತಕ್ಕ್‌ನಲ್ಲಿ, ಅಂದರೆ ಕೊಡವ ಭಾಷೆಯಲ್ಲಿ. ಉಳಿದ 7ರಲ್ಲಿ ಹಾಡಿಗಳಲ್ಲಿ (ಆದಿವಾಸಿಗಳ ವಸತಿಗಳಲ್ಲಿ) ಹಿಡಿದ, ಕೊಡಗಿನ ಆದಿವಾಸಿಗಳಾದ ಯರವರ ಹಾಡುಗಳು. ಸಂಶೋಧನಾ ವಿದ್ಯಾರ್ಥಿಯೊಬ್ಬರು ಎಲ್ಲವನ್ನೂ ಒಯ್ಯಲು ಕೇಳಿದ್ದಾರೆ. ಕೊಡಬಹುದೆ? ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳ ಪಟ್ಟಿಗೆ ಸೇರದ ಭಾಷೆಗೆ ಇಂಥ ಸಂಶೋಧನೆಯಿಂದ ಆಗುವುದಾದರೂ ಏನು?

ಮಾನ್ಯರೇ,

ನಿಮ್ಮ ಎರಡನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇವೆ. ಪರಿಚ್ಛೇದದಲ್ಲಿ ಈಗ 22 ಭಾಷೆಗಳಿವೆ. ಕೊನೆಯದಾಗಿ ಸೇರಿದ್ದು 2003ರ 92ನೇ ತಿದ್ದುಪಡಿಯಿಂದ ಬೋಡೊ, ಡೋಗ್ರಿ, ಮೈಥಿಲಿ, ಸಂತಾಲಿ. ಒಳಗೆ ಬರಲು ಇಷ್ಟು ಜನ ಇರಬೇಕು ಎಂಬ ಲೆಕ್ಕವೇನೂ ಇಲ್ಲ. 2011ರಲ್ಲಿ 24,821 ಜನ ಮಾತೃಭಾಷೆ ಎಂದು ಬರೆಸಿದ ಸಂಸ್ಕೃತ ಅಲ್ಲಿದೆ, 1,13,857 ಜನ ಬರೆಸಿದ ಕೊಡವ ಇಲ್ಲ. ಇತ್ತ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ನಡೆಸುವ, ಅಳಿವಿನಂಚಿನ ಭಾಷೆಗಳ 2013ರ ಯೋಜನೆ 10,000ಕ್ಕಿಂತ ಕಡಿಮೆ ಜನ ಆಡುವ ಭಾಷೆಗಳಿಗೆ ಮೀಸಲು. ಹೀಗಾಗಿ ಕೊಡವ ತಕ್ಕ್ ಅಲ್ಲಿಗೂ ಸೇರದೆ ಇಲ್ಲಿಗೂ ಸೇರದೆ ನಡುವೆ ನಿಂತಿದೆ. ಯರವರ ಪಾಡು ಇನ್ನೂ ಕಷ್ಟ: ಜನಗಣತಿಯ ಪಟ್ಟಿಯಲ್ಲಿ ಅವರ ಮಾತನ್ನು ಮಲಯಾಳಂ ಅಡಿಯಲ್ಲಿ ಕೂಡಿಸಿಬಿಡುತ್ತಾರೆ.

ಹಾಗೆಂದು ಪರಿಚ್ಛೇದಕ್ಕೆ ಸೇರುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ. ತನ್ನ ಭಾಷೆಯನ್ನು ಕಾಪಾಡಿಕೊಳ್ಳುವ ಹಕ್ಕನ್ನು ಸಂವಿಧಾನದ 29ನೇ ವಿಧಿ ಯಾವ ಪಟ್ಟಿಯನ್ನೂ ನೋಡದೆ ಕೊಟ್ಟಿದೆ. ಮಡಿಕೇರಿಯ ಕೊಡವ ಸಾಹಿತ್ಯ ಅಕಾಡೆಮಿ 1994ರಲ್ಲಿ, ಕೊಡಗಿನ ಇನ್ನೊಂದು ನುಡಿಯಾದ ಅರೆಭಾಷೆಯ ಅಕಾಡೆಮಿ 2011ರಲ್ಲಿ ಬಂದದ್ದು ಪರಿಚ್ಛೇದದ ಬಲದಿಂದಲ್ಲ. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವ ಹಾಡು, ಸಂಪ್ರದಾಯಗಳನ್ನು ಸಂಗ್ರಹಿಸಿದ ‘ಪಟ್ಟೋಲೆ ಪಳಮೆ’ 1924ರಲ್ಲಿ ಅಚ್ಚಾದಾಗ ಯಾವ ಯೋಜನೆಯೂ ಇರಲಿಲ್ಲ. ನಾಳೆ ನಿಘಂಟು, ಪಠ್ಯಪುಸ್ತಕ, ಮೊಬೈಲಿಗೆ ಕೊಡವ ತಕ್ಕ್ ಕಲಿಸುವ ಕೆಲಸ ಯಾವುದೇ ಆಗಲಿ, ಅದಕ್ಕೆ ಬೇಕಾದ ಸರಕು ನಿಮ್ಮಂಥವರ ಕಪಾಟಿನಲ್ಲೇ ಇದೆ. ಆದ್ದರಿಂದ ಕೊಡಿ. ಆದರೆ ಮೂಲ ಕ್ಯಾಸೆಟ್ ಬೇಡ, ನಕಲು ಮಾಡಿಸಿ ಕೊಡಿ.

ನಮ್ಮ ಮಳೆಗಾಲದ ತೇವದಲ್ಲಿ ಮೂವತ್ತು ವರ್ಷ ಕಳೆದ ಟೇಪಿಗೆ ಬೂಷ್ಟು ಬರದೆ ಇರುವುದು ಅಪರೂಪ. ಒಂದೊಂದನ್ನೂ ಬೆಳಕಿಗೆ ಹಿಡಿದು, ಕಿಂಡಿಯಲ್ಲಿ ಸುರುಳಿಯ ಅಂಚನ್ನು ನೋಡಿ. ಬಿಳಿ ಪುಡಿಯೋ ದಾರದಂಥ ಎಳೆಯೋ ಕಂಡರೆ ಅದನ್ನು ಬೇರೆ ಡಬ್ಬಿಗೆ ಹಾಕಿಡಿ, ಪ್ಲೇಯರ್‌ಗೆ ಹಾಕಲೇಬೇಡಿ. ಹೆಡ್‌ಗೆ ಅಂಟಿದ ಬೂಷ್ಟು ಮುಂದಿನ ಒಳ್ಳೆಯ ಟೇಪಿಗೂ ಹತ್ತುತ್ತದೆ. ಚೆನ್ನಾಗಿರುವ ಕ್ಯಾಸೆಟ್‌ನ ಹಿಂಬದಿಯ ಎರಡು ಪ್ಲಾಸ್ಟಿಕ್ ಚೂರುಗಳನ್ನು ಮುರಿದುಬಿಡಿ. ಆಮೇಲೆ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಹಾಡು ಅಳಿಯುವುದಿಲ್ಲ. ಧ್ವನಿ ಮಂಕಾಗಿ, ಹೋಗಿ ಬಂದು ಕೇಳಿದರೆ ಟೇಪೇ ಕೆಟ್ಟಿತೆಂದು ಎಸೆಯಬೇಡಿ. ಎಷ್ಟೋ ಸಲ ಟೇಪಿನ ಬೆನ್ನಿಗಿರುವ ಚಿಕ್ಕ ಫೆಲ್ಟ್ ತುಂಡು ಉದುರಿರುತ್ತದೆ. ಸುರುಳಿಯನ್ನು ಸ್ಕ್ರೂ ಇರುವ ಇನ್ನೊಂದು ಕ್ಯಾಸೆಟ್‌ನ ಕವಚಕ್ಕೆ ಹಾಕಿದರೆ ಸಾಕು.

ಸ್ಪೀಕರ್ ಎದುರು ಮೊಬೈಲ್ ಇಟ್ಟು ನಕಲು ಮಾಡುವವರೇ ಹೆಚ್ಚು. ಅದರಲ್ಲಿ ಕೋಣೆಯ ಸದ್ದೆಲ್ಲ ಸೇರುತ್ತದೆ. ಪ್ಲೇಯರ್‌ನ ಲೈನ್ ಔಟ್‌ನಿಂದ ವಯರ್ ಎಳೆದು ಕಂಪ್ಯೂಟರಿಗೆ ಕೊಡಿ. 48 ಕಿಲೋಹರ್ಟ್ಸ್, 24 ಬಿಟ್‌ನ ವೇವ್ ಫೈಲಾಗಿ ಉಳಿಸಿ. ಒಂದೇ ಚಾನೆಲ್‌ನಲ್ಲಿ ಗಂಟೆಗೆ ಸುಮಾರು 518 ಎಂಬಿ ಆಗುತ್ತದೆ, ನಿಮ್ಮ 32 ಗಂಟೆಗೆ 17 ಜಿಬಿ ಸಾಕು. ಎಂಪಿ3 ವಾಟ್ಸ್‌ಆಪ್‌ಗೆ ಮಾತ್ರ. ಬಾಳೊಪಾಟ್‌ನಲ್ಲಿ ದುಡಿಯ ಪೆಟ್ಟೇ ದೊಡ್ಡ ತೊಂದರೆ. ತಾನಾಗಿ ಮಟ್ಟ ಸರಿಮಾಡುವ ಸೌಲಭ್ಯ ಚಾಲೂ ಇದ್ದರೆ ಪ್ರತಿ ಪೆಟ್ಟಿಗೂ ಮಟ್ಟ ಕುಸಿದು, ಹಾಡುವವರ ದನಿ ಹಿಂದೆ ಸರಿಯುತ್ತದೆ. ಆ ಸೌಲಭ್ಯವನ್ನು ನಿಲ್ಲಿಸಿ, ದುಡಿ ಅತಿ ಜೋರಾಗಿರುವ ಜಾಗ ಹುಡುಕಿ, ಅಲ್ಲಿ ಮೈನಸ್ 6 ಡೆಸಿಬೆಲ್ ದಾಟದಂತೆ ಮೊದಲೇ ಹೊಂದಿಸಿಕೊಳ್ಳಿ. ಒಡೆದ ಧ್ವನಿಯನ್ನು ಆಮೇಲೆ ಸರಿಮಾಡುವುದು ಆಗದ ಮಾತು.

ಇಷ್ಟೆಲ್ಲ ಮಾಡಿಯೂ ವಿವರ ಬರೆದಿಡದಿದ್ದರೆ ಆ ಧ್ವನಿ ಅನಾಥ. ಯಾರು ಹಾಡಿದರು, ದುಡಿ ಯಾರದು, ಊರು ಯಾವುದು, ಯಾವ ಸಂದರ್ಭ, ಯಾವ ವರ್ಷ ಎಂಬುದನ್ನು ನಿಮ್ಮ ನೆನಪು ಹಸಿಯಾಗಿರುವಾಗಲೇ ಬರೆಯಿರಿ. ಹಾಡಿದವರ ಸಮುದಾಯವೂ ಬೇಕು: ಕೊಡವ ತಕ್ಕ್ ಆಡುವವರಲ್ಲಿ ಹೆಗ್ಗಡೆ, ಐರಿ, ಕೊಯವ ಜನರೂ ಇದ್ದಾರೆ. ಲಿಪ್ಯಂತರ ಎಲ್ಲಕ್ಕೂ ಬೇಡ. ಒಂದು ಗಂಟೆಯ ಹಾಡನ್ನು ಕೇಳಿ ಬರೆದು ಅರ್ಥ ಕೂಡಿಸಲು ಮೂವತ್ತು ನಲವತ್ತು ಗಂಟೆ ಹಿಡಿಯುತ್ತದೆ. ಆ ಕೆಲಸ ವಿದ್ಯಾರ್ಥಿ ಮಾಡಲಿ. ಕೊಡವ ತಕ್ಕ್‌ನಲ್ಲಿ ಕನ್ನಡ ಲಿಪಿಗೆ ಸಿಗದ ಸ್ವರಗಳಿವೆ. ಪದದ ಕೊನೆಯ ಸ್ವರವನ್ನೇ ನೋಡಿ: ಒಬ್ಬರು ‘ಪಾಟ್’ ಎಂದು ಬರೆದರೆ ಇನ್ನೊಬ್ಬರು ‘ಪಾಟು’ ಎನ್ನುತ್ತಾರೆ, ಕಂಪ್ಯೂಟರಿನಲ್ಲಿ ಹುಡುಕಿದರೆ ಒಂದು ಸಿಕ್ಕಿ ಇನ್ನೊಂದು ತಪ್ಪಿಹೋಗುತ್ತದೆ. ಯಾವ ಕಾಗುಣಿತ ಹಿಡಿದರೋ ಅದನ್ನು ಕೊನೆತನಕ ಹಿಡಿಯಲಿ, ಯೂನಿಕೋಡ್‌ನಲ್ಲೇ ಬರೆಯಲಿ. ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚಾದದ್ದು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಬರೀ ಚಿಹ್ನೆಗಳ ರಾಶಿ.

ಕೊಡುವ ದಿನ ಒಂದು ಹಾಳೆಯ ಒಪ್ಪಂದ ಬರೆಸಿಕೊಳ್ಳಿ, ವಿದ್ಯಾರ್ಥಿಯ ಸಹಿಯ ಜೊತೆ ಮಾರ್ಗದರ್ಶಕರ ಸಹಿಯೂ ಇರಲಿ. ಪಿಎಚ್‌ಡಿ ಮುಗಿದು ವಿದ್ಯಾರ್ಥಿ ಹೊರಟರೆ ಧ್ವನಿಯೂ ಅವರ ಹಾರ್ಡ್ ಡಿಸ್ಕ್‌ನೊಂದಿಗೆ ಹೊರಡುತ್ತದೆ. ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಉಳಿಯುವುದು ಪ್ರಬಂಧ, ಅದರ ಹಿಂದಿನ ಹಾಡಲ್ಲ. ಒಂದು ಪ್ರತಿ ವಿಭಾಗದ ಗ್ರಂಥಾಲಯಕ್ಕೆ, ಒಂದು ಕೊಡವ ಅಕಾಡೆಮಿಗೆ, ಒಂದು ನಿಮ್ಮ ಮನೆಗೆ ಎಂದು ಬರೆಯಿರಿ. ಲಿಪ್ಯಂತರ ಮಾಡಿದ್ದನ್ನು ನಿಮಗೆ ಯಾವ ತಿಂಗಳೊಳಗೆ ಕೊಡಬೇಕು ಎಂಬುದನ್ನೂ ಸೇರಿಸಿ. ಮಾರಾಟಕ್ಕೆ ಬಳಸಬಹುದೆ, ಯಂತ್ರಕ್ಕೆ ಮಾತು ಕಲಿಸಲು ಬಳಸಬಹುದೆ ಎಂಬ ಎರಡಕ್ಕೂ ಬೇರೆ ಬೇರೆಯಾಗಿ ಹೌದು ಅಥವಾ ಇಲ್ಲ ಎಂದಿರಬೇಕು. ‘ಸಂಶೋಧನೆಯ ಉದ್ದೇಶಕ್ಕೆ’ ಎಂಬ ಒಂದೇ ಸಾಲಿಗೆ ಸಹಿ ಹಾಕಬೇಡಿ, ಆ ಸಾಲಿನಲ್ಲಿ ಏನು ಬೇಕಾದರೂ ಹಿಡಿಸುತ್ತದೆ.

ಯರವರ 7 ಕ್ಯಾಸೆಟ್‌ಗಳ ಮಾತು ಬೇರೆ. ಟೇಪ್ ನಿಮ್ಮದು, ಹಾಡು ಅವರದು. ಕೃತಿಸ್ವಾಮ್ಯ ಕಾಯ್ದೆಯೂ ಹಾಡಿದವರಿಗೆ ಪ್ರದರ್ಶಕರ ಹಕ್ಕನ್ನು 50 ವರ್ಷ ಕೊಟ್ಟಿದೆ. ಅವುಗಳಲ್ಲಿ ಸಾವಿನ ಹಾಡೋ ದೇವರಕಾಡಿನದೋ ಮದ್ದಿನ ಗುಟ್ಟೋ ಇದ್ದರೆ ಎಲ್ಲರ ಕಿವಿಗೂ ಬೀಳಿಸಲು ಅವರು ಒಪ್ಪದಿರಬಹುದು. ಮೊದಲು ನಕಲು ಮಾಡಿಸಿಕೊಂಡು ಯರವರ ಹಾಡಿಯವರೆಗೆ ಹೋಗಿ, ಹಾಡಿದವರನ್ನೋ ಅವರ ಮಕ್ಕಳನ್ನೋ ಕೂರಿಸಿ ಪೂರ್ತಿ ಕೇಳಿಸಿ. ಓದು ಬರಹ ಬಾರದವರ ಒಪ್ಪಿಗೆಯನ್ನು ಅವರ ಮಾತಿನಲ್ಲೇ ಧ್ವನಿಮುದ್ರಿಸಿಕೊಳ್ಳಿ. ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ ಅವರ ಕೈಗಿಡಿ. ಅಲ್ಲಿಂದ ಹಿಂದಿರುಗುವ ತನಕ ಆ 7ನ್ನು ವಿದ್ಯಾರ್ಥಿಗೆ ಕೊಡಬೇಡಿ.

– ಸಂಪಾದಕರು