ಮೈಗೆ ಹಚ್ಚುವ ಲೋಷನ್ ತಲೆಕೂದಲಿಗೂ ಆಗುತ್ತಾ?

ಪ್ರಶ್ನೆ: ಅಕ್ಕಾ, ನಮ್ಮೂರು ಕಡೂರು ಹತ್ತಿರ. ಈಗ ಚಿಕ್ಕಮಗಳೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದು ಡಿಗ್ರಿ ಓದುತ್ತಿದ್ದೇನೆ. ನನ್ನ ಕೂದಲಿನ ತುದಿ ಪೊರಕೆ ಥರ ಒರಟಾಗಿದೆ. ರೂಮ್‌ಮೇಟ್ ಸ್ನಾನ ಆದ ಮೇಲೆ ಬಾಡಿ ಲೋಷನ್ನನ್ನೇ ಕೂದಲಿಗೂ ಸವರಿಕೊಳ್ಳುತ್ತಾಳೆ, ಮೆತ್ತಗಾಗುತ್ತೆ ಅಂತಾಳೆ. ನಾನೂ ಹಚ್ಚಬಹುದಾ? ಉದುರಲ್ಲ ತಾನೇ?
– ಹೆಸರು ಬೇಡ, ಕಡೂರು

ಉತ್ತರ: ಹಚ್ಚಬಹುದು ಕಣಮ್ಮಾ, ಆದರೆ ತುದಿಗೆ ಮಾತ್ರ, ಅದೂ ಕಡಲೆಕಾಳಿನಷ್ಟು. ಅಷ್ಟಕ್ಕೆಲ್ಲ ಕೂದಲು ಉದುರುವುದಿಲ್ಲ. ಆ ಭಯ ಬಿಡು.

ಲೋಷನ್ ಬಾಟಲಿಯ ಹಿಂದೆ ಸಣ್ಣಕ್ಷರದಲ್ಲಿ ಏನಿದೆ ಓದಿ ನೋಡು. ನೀರು, ಗ್ಲಿಸರಿನ್, ಸೀಟೈಲ್ ಆಲ್ಕೋಹಾಲ್, ಕೆಲವದರಲ್ಲಿ ಡೈಮೆಥಿಕೋನ್. (ಆಲ್ಕೋಹಾಲ್ ಅಂತ ಹೆಸರಿದ್ದರೂ ಸೀಟೈಲ್ ಆಲ್ಕೋಹಾಲ್ ಮೇಣದಂಥದ್ದು, ಕೂದಲನ್ನು ಒಣಗಿಸುವುದಿಲ್ಲ.) ಇವೆಲ್ಲ ಕಂಡಿಷನರ್‌ನಲ್ಲೂ ಇರುತ್ತವೆ, ಅದಕ್ಕೇ ನಿನ್ನ ಗೆಳತಿಗೆ ಮೆತ್ತಗೆ ಅನಿಸಿದೆ. ಆದರೆ ಕಂಡಿಷನರ್‌ನಲ್ಲಿ ಸೆಟ್ರಿಮೋನಿಯಂ ಕ್ಲೋರೈಡ್ ಅಥವಾ ಬೆಹೆಂಟ್ರಿಮೋನಿಯಂ ಕ್ಲೋರೈಡ್ ಅಂತ ಇನ್ನೊಂದು ಇರುತ್ತೆ ನೋಡು, ಅಸಲಿ ಕೆಲಸ ಅದರದ್ದು. ಸವೆದ ಕೂದಲಿನ ಮೇಲೆ ನೆಗೆಟಿವ್ ಚಾರ್ಜ್ ಇರುತ್ತೆ, ಇದರದ್ದು ಪಾಸಿಟಿವ್, ಹಾಗಾಗಿ ತೊಳೆದ ಮೇಲೂ ಎಲ್ಲಿ ಜಾಸ್ತಿ ಸವೆದಿದೆಯೋ ಅಲ್ಲೇ ತೆಳ್ಳಗೆ ಹಿಡಿದುಕೊಂಡಿರುತ್ತೆ. ಲೋಷನ್‌ನಲ್ಲಿ ಸಾಮಾನ್ಯವಾಗಿ ಇದು ಇರಲ್ಲ. ಲೋಷನ್ ಸುಮ್ನೆ ಮೇಲೆ ಕೂರುತ್ತೆ, ಜಾಸ್ತಿಯಾದರೆ ಜಿಡ್ಡಾಗಿ ಧೂಳು ಹಿಡಿಯುತ್ತೆ.

ಹಚ್ಚುವುದಾದರೆ ಹೀಗೆ ಮಾಡು. ಹಳೇ ಕಾಟನ್ ಬಟ್ಟೆಯಲ್ಲಿ ಕೂದಲನ್ನು ಉಜ್ಜದೆ ಒತ್ತಿ ನೀರು ತೆಗಿ. ಲೋಷನ್ನನ್ನು ಅಂಗೈಯಲ್ಲಿ ಬಿಳಿ ಕಾಣದ ಹಾಗೆ ತಿಕ್ಕಿಕೋ. ಕೂದಲು ಇನ್ನೂ ಹಸಿ ಇರುವಾಗಲೇ ಕೆಳಗಿನ ನಾಲ್ಕು ಬೆರಳಷ್ಟಕ್ಕೆ ಸವರು. ಬುಡಕ್ಕೆ ಮಾತ್ರ ಬೇಡ. ತಲೆಹೊಟ್ಟಿಗೆ ಕಾರಣವಾಗುವ ಮಲಸೇಜಿಯಾ ಅನ್ನುವ ಶಿಲೀಂಧ್ರಕ್ಕೆ ಕೊಬ್ಬೇ ಊಟ, ಜೊತೆಗೆ ಹಣೆ ತುಂಬ ಮೊಡವೆ ಬೇರೆ.

ಇನ್ನೊಂದು ಮಾತು. ನೀನು ತಲೆಗೂ ಮೈ ಸೋಪನ್ನೇ ಹಾಕುತ್ತೀಯಾ? ಹಾಸ್ಟೆಲ್‌ನಲ್ಲಿ ಎಷ್ಟೋ ಹುಡುಗಿಯರು ಹಾಗೇ ಮಾಡುತ್ತಾರೆ. ಸೋಪು ಕ್ಷಾರ, ಕೂದಲಿನ ಮೇಲಿನ ಪದರವನ್ನು ಎಬ್ಬಿಸುತ್ತೆ. ಬೋರ್‌ವೆಲ್‌ನ ಗಡಸು ನೀರಾದರಂತೂ ಅದರಲ್ಲಿನ ಕ್ಯಾಲ್ಸಿಯಂ ಜೊತೆ ಸೋಪು ಸೇರಿ ಬಿಳಿ ಗಸಿ ಕಟ್ಟುತ್ತೆ. ಬಕೆಟ್ ಅಂಚಿನಲ್ಲಿ ಅಂಟಿರುತ್ತಲ್ಲ, ಅದೇ. ಅದು ಕೂದಲ ಮೇಲೂ ಕೂತರೆ ಯಾವ ಲೋಷನ್ ಹಚ್ಚಿ ಏನು ಪ್ರಯೋಜನ? ಮೊದಲು ಸೋಪು ಬಿಡು. ಅಂಗಡಿಯಲ್ಲಿ ಕಂಡಿಷನರ್ ಸಣ್ಣ ಪ್ಯಾಕೆಟ್‌ನಲ್ಲೂ ಸಿಗುತ್ತೆ, ತುದಿಗೆ ಮಾತ್ರವಾದರೆ ಒಂದು ಪ್ಯಾಕೆಟ್ ಎರಡು ಸಲಕ್ಕೆ ಬರುತ್ತೆ.

ಪ್ರಶ್ನೆ: ಮಗಳಿಗೆ ಒಂಬತ್ತು ವರ್ಷ. ಮಳೆ ಹಿಡಿದರೆ ಸಾಕು, ಎಷ್ಟು ಬಿಗಿಯಾಗಿ ಎರಡು ಜಡೆ ಹಾಕಿದರೂ ಕೂದಲೆಲ್ಲ ಕೆದರಿಕೊಳ್ಳುತ್ತೆ. ಗ್ಲಿಸರಿನ್ ಹಚ್ಚಿದೆ, ಇನ್ನೂ ಜಾಸ್ತಿಯಾಯಿತು. ವ್ಯಾಸಲಿನ್ ಹಚ್ಚಿದೆ, ಈಗ ತೊಳೆದರೂ ಹೋಗುತ್ತಿಲ್ಲ!
– ಓದುಗರು, ಸಕಲೇಶಪುರ

ಉತ್ತರ: ಗ್ಲಿಸರಿನ್ ಗಾಳಿಯಲ್ಲಿರುವ ನೀರನ್ನು ಎಳೆದುಕೊಳ್ಳುತ್ತೆ. ನಿಮ್ಮ ಕಡೆ ಜುಲೈನಲ್ಲಿ ಬಟ್ಟೆಯೇ ಒಣಗಲ್ಲ ಅಲ್ವಾ, ಅಂಥ ಗಾಳಿಯಲ್ಲಿ ಗ್ಲಿಸರಿನ್ ಹಚ್ಚಿದರೆ ಕೂದಲು ಉಬ್ಬಿ ಕೆದರದೆ ಇನ್ನೇನು ಮಾಡುತ್ತೆ? ಮಳೆಗಾಲ ಮುಗಿಯುವವರೆಗೆ ಅದು ಬೇಡ.

ವ್ಯಾಸಲಿನ್ ನೀರಿನಲ್ಲಿ ಕರಗುವುದೇ ಇಲ್ಲ. ಕೊಬ್ಬರಿ ಎಣ್ಣೆ ಉಗುರು ಬೆಚ್ಚಗೆ ಮಾಡಿ, ಒಣ ಕೂದಲಿಗೆ ಹಚ್ಚಿ, ಬಾಚಿ, ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಆಮೇಲೆ ಶಾಂಪೂ, ಎರಡು ಸಲ ನೊರೆ ಬರಿಸಿ. ಒಂದೇ ದಿನಕ್ಕೆ ಪೂರ್ತಿ ಹೋಗದಿದ್ದರೆ ಮಗುವಿನ ತಲೆ ಕೆರೆಯಬೇಡಿ, ಮುಂದಿನ ಸ್ನಾನಕ್ಕೆ ಬಿಡಿ.

ಇನ್ನು ಮುಂದೆ ತಲೆಸ್ನಾನಕ್ಕೆ ಮೊದಲು ಕೊಬ್ಬರಿ ಎಣ್ಣೆ ಹಚ್ಚಿ. ಬೇಬಿ ಆಯಿಲ್ ಅಲ್ಲ, ಅದು ಹೆಚ್ಚಾಗಿ ಮಿನರಲ್ ಆಯಿಲ್, ಅಂದರೆ ಪೆಟ್ರೋಲಿಯಂನಿಂದ ತೆಗೆದ ಎಣ್ಣೆ. ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೂದಲಿನ ಪ್ರೋಟೀನ್ ನಷ್ಟವನ್ನು ಗಮನಾರ್ಹವಾಗಿ ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಒಂದೇ. ಅದರಲ್ಲಿರುವ ಲಾರಿಕ್ ಆಮ್ಲ ಅನ್ನುವ ಕೊಬ್ಬಿನಂಶ ಕೂದಲಿನ ಒಳಗೇ ಇಳಿಯುತ್ತೆ. ದಾಸವಾಳದ ಎಲೆಯೋ ಮತ್ತಿಸೊಪ್ಪೋ ಸಿಕ್ಕರೆ ಕಿವುಚಿ, ಲೋಳೆಯನ್ನು ಬಟ್ಟೆಯಲ್ಲಿ ಸೋಸಿ ಹಚ್ಚಿ ತೊಳೆಯಿರಿ. ಸೋಸದಿದ್ದರೆ ಎಲೆ ಚೂರು ಹೆಕ್ಕುವಷ್ಟರಲ್ಲಿ ಸ್ಕೂಲ್ ಬಸ್ ಹೊರಟಿರುತ್ತೆ.

ಪ್ರಶ್ನೆ: ಡಾಕ್ಟರ್ ಕೊಟ್ಟ ಚರ್ಮದ ಮುಲಾಮು ಉಳಿದಿದೆ. ತಲೆ ಕೆರೆತಕ್ಕೆ ಹಚ್ಚಬಹುದಾ?
– ಓದುಗರು, ಹಾಸನ

ಉತ್ತರ: ಬೇಡ. ಅದರಲ್ಲಿ ಸ್ಟೀರಾಯ್ಡ್ ಇರಬಹುದು, ಕೆರೆತಕ್ಕೆ ಕಾರಣ ಬೇರೆಯೇ ಇರಬಹುದು. ಟ್ಯೂಬ್ ತೆಗೆದುಕೊಂಡು ಹೋಗಿ ಚರ್ಮದ ಡಾಕ್ಟರ್‌ಗೆ ತೋರಿಸಿ.